ಗೈಡ್ ಇಲ್ಲದ ರಾಫ್ಟಿಂಗ್: ಸನ್‌ರೈಸ್‌ನಿಂದ ರಿವರ್ ಬೆಂಡ್‌ವರೆಗೆ, ಕಡಿಮೆ ಖರ್ಚಿನಲ್ಲಿ

ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದ ಪೂರ್ವಕ್ಕೆ ರಾಂಚೊ ಕಾರ್ಡೋವಾ ಎಂಬ ಊರಿದೆ. ಅಲ್ಲಿ ಸನ್‌ರೈಸ್ ಬುಲೆವಾರ್ಡ್ ಅಮೆರಿಕನ್ ನದಿಯನ್ನು ದಾಟುವ ಸೇತುವೆಯ ಆಸುಪಾಸಿನಲ್ಲಿ ಬೇಸಿಗೆಯುದ್ದಕ್ಕೂ ರಾಫ್ಟ್ ಬಾಡಿಗೆಗೆ ಸಿಗುತ್ತದೆ. ರಾಫ್ಟ್, ಹುಟ್ಟುಗಳು, ಲೈಫ್ ಜಾಕೆಟ್ ಎಲ್ಲವನ್ನೂ ಕೊಡುತ್ತಾರೆ, ಗೈಡ್ ಒಬ್ಬನನ್ನು ಮಾತ್ರ ಕೊಡುವುದಿಲ್ಲ. ಐದಾರು ಮೈಲಿ ಕೆಳಗಿರುವ ರಿವರ್ ಬೆಂಡ್ ಪಾರ್ಕಿನವರೆಗೆ ನಾವೇ ಹುಟ್ಟು ಹಾಕಿಕೊಂಡು ಹೋಗಬೇಕು. ಚಿಕ್ಕ ಮಕ್ಕಳಿರುವ ಮಧ್ಯಮ ಆದಾಯದ ಕುಟುಂಬಕ್ಕೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಒಂದು ದಿನದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ನೀರಿನ ಪ್ರವಾಸವನ್ನು ನಾನು ಕಂಡಿಲ್ಲ. ಆದರೆ ಇಲ್ಲಿ ಉಳಿಯುವ ಹಣವೆಲ್ಲ ಗೈಡ್‌ನ ಕೆಲಸವನ್ನು ನಾವೇ ಹೊತ್ತುಕೊಳ್ಳುವುದರಿಂದ ಉಳಿಯುವಂಥದ್ದು, ಮತ್ತು ಆ ಕೆಲಸ ದಡದಲ್ಲಿ ಹುಟ್ಟು ಕೈಗೆ ತೆಗೆದುಕೊಂಡಾಗಲ್ಲ, ಹಿಂದಿನ ದಿನ ಮನೆಯಲ್ಲೇ ಶುರುವಾಗುತ್ತದೆ. ಬಾಡಿಗೆ ಅಂಗಡಿಗಳ ಫಲಕಗಳಲ್ಲಿ ಈ ಸಂಗತಿ ಅಷ್ಟಾಗಿ ಕಾಣುವುದಿಲ್ಲವಾದ್ದರಿಂದ ಈ ವಿಮರ್ಶೆಯಲ್ಲಿ ಅದನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಹಣದ ವಿಚಾರ. ಇದೇ ನದಿಯ ಮೇಲ್ಭಾಗದ ಕವಲಾದ ಸೌತ್ ಫೋರ್ಕ್‌ನಲ್ಲಿ, 1848ರ ಜನವರಿಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನ ಸಿಕ್ಕಿದ ಕೊಲೋಮಾದ ಸುತ್ತಮುತ್ತ, ಗೈಡ್ ಸಹಿತ ರಾಫ್ಟಿಂಗ್ ನಡೆಯುತ್ತದೆ. ಅದು ರಭಸದ ಆರು ದರ್ಜೆಗಳಲ್ಲಿ ಮೂರನೆಯದಕ್ಕೆ ಸೇರಿದ ನೀರು, ಅಲ್ಲಿ ದರ ತಲೆಗಿಷ್ಟು ಎಂದು, ಮತ್ತು ತೀರಾ ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ. ಸನ್‌ರೈಸ್‌ನಲ್ಲಿ ದರ ತಲೆಗಲ್ಲ, ರಾಫ್ಟಿಗೆ. ನಾಲ್ವರು ಕೂರುವ ರಾಫ್ಟಿನ ಇಡೀ ದಿನದ ಬಾಡಿಗೆ ಹೆಚ್ಚುಕಡಿಮೆ ಸೌತ್ ಫೋರ್ಕ್‌ನಲ್ಲಿ ಒಬ್ಬರ ಟಿಕೆಟ್ಟಿಗೆ ತಗಲುವಷ್ಟೇ ಆಗುತ್ತದೆ. ಇದರ ಜೊತೆಗೆ ಸ್ಯಾಕ್ರಮೆಂಟೊ ಕೌಂಟಿಯ ಪಾರ್ಕಿಗೆ ಕಾರಿನ ಪ್ರವೇಶ ಶುಲ್ಕ ಕೆಲವು ಡಾಲರು, ಹಿಂತಿರುಗುವ ಬಸ್ಸಿಗೆ ತಲೆಗೆ ಇನ್ನಷ್ಟು, ಮತ್ತು ರಾಫ್ಟಿಗೆ ಹಾನಿಯಾದರೆ ಎಂದು ಕಾರ್ಡಿನ ಮೇಲೆ ಹಿಡಿದಿಡುವ ಠೇವಣಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಫ್ರೀಮಾಂಟ್ ಅಥವಾ ಸನಿವೇಲ್ ಕಡೆಯಿಂದ ಬರುವವರಿಗೆ ಟ್ರಾಫಿಕ್ ಇಲ್ಲದಿದ್ದರೆ ಎರಡು ಗಂಟೆಯ ಮೇಲೆ ಸ್ವಲ್ಪ ದಾರಿ, ಆದ್ದರಿಂದ ಹೋಟೆಲ್ ಕೋಣೆಯ ಖರ್ಚೂ ಬೇಡ. ಫಾಲ್ಸಮ್‌ನಲ್ಲಿ ನೆಲೆಸಿರುವ ನಮ್ಮವರಿಗಂತೂ, ಅಲ್ಲಿನ ಇಂಟೆಲ್ ಕಚೇರಿಯ ದೆಸೆಯಿಂದ ಆ ಊರಿನಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ, ಇದು ಮನೆಯ ಹಿತ್ತಲಿನ ನದಿ.

ಇನ್ನು ಮನೆಯಲ್ಲೇ ಮಾಡಬೇಕಾದ ಕೆಲಸ. ಈ ನದಿಯನ್ನು ಶಾಂತ ನದಿ ಎಂದು ಎಲ್ಲರೂ ಕರೆಯುತ್ತಾರೆ. ಶಾಂತವಾಗಿರುವುದು ನದಿಯ ಗುಣವಲ್ಲ, ಆ ದಿನ ಅದರಲ್ಲಿ ಹರಿಯುತ್ತಿರುವ ನೀರಿನ ಪ್ರಮಾಣದ ಗುಣ. ಸಿಯೆರಾ ನೆವಾಡಾದ ಹಿಮ ಕರಗಿ ಬರುವ ನೀರು ಮೊದಲು 1956ರಲ್ಲಿ ಪೂರ್ಣಗೊಂಡ ಫಾಲ್ಸಮ್ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ವಿದ್ಯುತ್ತಿಗೆ ಬೇಡಿಕೆ ಏರಿದಾಗ ಹೆಚ್ಚು, ಇಳಿದಾಗ ಕಡಿಮೆ ಎಂದು ಅಲ್ಲಿಂದ ನೀರು ಬಿಡುತ್ತಾರೆ. ಆ ಏರಿಳಿತವೆಲ್ಲ ನೇರವಾಗಿ ಕೆಳಗೆ ಹರಿದಿದ್ದರೆ ಇಲ್ಲಿ ಯಾರೂ ಮಕ್ಕಳನ್ನು ಕೂರಿಸಿಕೊಂಡು ತೇಲುವ ಧೈರ್ಯ ಮಾಡುತ್ತಿರಲಿಲ್ಲ. ಅದನ್ನು ತಡೆಯುವುದಕ್ಕೆಂದೇ ಫಾಲ್ಸಮ್‌ನಿಂದ ಕೆಲವು ಮೈಲಿ ಕೆಳಗೆ ನಿಂಬಸ್ ಎಂಬ ಚಿಕ್ಕ ಅಣೆಕಟ್ಟಿದೆ. ಅದು ಮೇಲಿನಿಂದ ಬರುವ ನೀರನ್ನು ಲೇಕ್ ನಟೋಮಾ ಎಂಬ ಉದ್ದನೆಯ ಕೆರೆಯಲ್ಲಿ ಹಿಡಿದು, ಏರುಪೇರನ್ನು ಸಮ ಮಾಡಿ ಕೆಳಗೆ ಬಿಡುತ್ತದೆ. ನಾವು ತೇಲುವುದು ನಿಂಬಸ್‌ನ ಕೆಳಗೆ. ಅಲ್ಲಿಂದ ಸ್ಯಾಕ್ರಮೆಂಟೊ ನದಿಯ ಸಂಗಮದವರೆಗಿನ ಸುಮಾರು 23 ಮೈಲಿಗೆ ಲೋಯರ್ ಅಮೆರಿಕನ್ ಎಂದು ಹೆಸರು.

ನಿಂಬಸ್ ಎಷ್ಟು ನೀರು ಬಿಡುತ್ತಿದೆ ಎಂಬುದನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಇಲಾಖೆಯವರು ಫೇರ್ ಓಕ್ಸ್ ಮಾಪನ ಕೇಂದ್ರದಲ್ಲಿ ಹಗಲೂ ರಾತ್ರಿ ಅಳೆದು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೋರಿಸುತ್ತಾರೆ. ಅಳತೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂದು ಇರುತ್ತದೆ, ಅಂದರೆ ನಮಗೆ ಚಿರಪರಿಚಿತವಾದ ಕ್ಯೂಸೆಕ್. ಕೆಆರ್‌ಎಸ್‌ನ ಒಳಹರಿವು ಎಷ್ಟು, ಹೊರಹರಿವು ಎಷ್ಟು, 124.80 ಅಡಿ ತುಂಬಲು ಇನ್ನೆಷ್ಟು ಬಾಕಿ ಎಂದು ಪ್ರತಿ ಮಳೆಗಾಲ ಪತ್ರಿಕೆ ಬಿಡಿಸಿ ನೋಡುತ್ತಾ ಬೆಳೆದ ನಮಗೆ ಈ ಅಂಕಿಯನ್ನು ಓದುವುದು ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟ ದಿನ ರಂಗನತಿಟ್ಟಿನಲ್ಲಿ ದೋಣಿ ವಿಹಾರ ನಿಲ್ಲಿಸುತ್ತಾರಲ್ಲ, ಇಲ್ಲಿಯೂ ಅದೇ ತರ್ಕ. ನನ್ನ ಅಂದಾಜಿನಲ್ಲಿ 2,000ದಿಂದ 4,000 ಕ್ಯೂಸೆಕ್‌ವರೆಗೆ ಇದ್ದರೆ ಮಕ್ಕಳೊಂದಿಗೆ ಹೋಗಲು ಹೇಳಿ ಮಾಡಿಸಿದ ಹರಿವು. 1,500ಕ್ಕಿಂತ ಕೆಳಗಿಳಿದರೆ ಅಪಾಯವೇನೂ ಹೆಚ್ಚುವುದಿಲ್ಲ, ಆದರೆ ಅಗಲವಾದ ತೆಳುನೀರಿನಲ್ಲಿ ರಾಫ್ಟಿನ ತಳ ಕಲ್ಲಿಗೆ ಉಜ್ಜುತ್ತದೆ, ಇಳಿದು ಎಳೆಯಬೇಕಾಗುತ್ತದೆ. 5,000 ದಾಟಿದರೆ ನಾನು ಚಿಕ್ಕವರನ್ನು ಕರೆದೊಯ್ಯುವುದಿಲ್ಲ. ಅಂಗಡಿ ತೆರೆದಿದೆ ಎಂಬುದು ನನ್ನ ಮಟ್ಟಿಗೆ ಸಾಕಾದ ಪ್ರಮಾಣಪತ್ರವಲ್ಲ.

ಈ ನದಿಯ ಹರಿವು ಎಲ್ಲಿಂದೆಲ್ಲಿಗೆ ಹೋಗಬಲ್ಲದು ಎಂಬುದಕ್ಕೆ ಎರಡು ಉದಾಹರಣೆ ಸಾಕು. 1986ರ ಫೆಬ್ರವರಿಯ ಪ್ರವಾಹದಲ್ಲಿ ಇದೇ ಪಾತ್ರದಲ್ಲಿ 1 ಲಕ್ಷ 30 ಸಾವಿರ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು. 2014ರ ಜನವರಿಯ ಬರದಲ್ಲಿ ಹೊರಹರಿವನ್ನು ಬರೀ 500 ಕ್ಯೂಸೆಕ್‌ಗೆ ಇಳಿಸಿದ್ದರು. ಎರಡೂ ಚಳಿಗಾಲದ ಮಾತು, ಆಗ ರಾಫ್ಟ್ ಬಾಡಿಗೆಯ ಪ್ರಶ್ನೆಯೇ ಇಲ್ಲ, ನಿಜ. ಆದರೆ ಹಿಮ ಚೆನ್ನಾಗಿ ಬಿದ್ದ ವರ್ಷಗಳಲ್ಲಿ ಮೇ ಮತ್ತು ಜೂನ್ ತಿಂಗಳಿನ ಹರಿವೂ ಎತ್ತರದಲ್ಲೇ ಇರುತ್ತದೆ. ಬಿಸಿಲು ಏರಿದೆ, ಶಾಲೆಗೆ ರಜೆ ಬಂದಿದೆ ಎಂದು ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯಕ್ಕೇ ಹೊರಡುವವರಿಗೆ ಈ ವಿಷಯ ತಿಳಿದಿರಬೇಕು. ನನ್ನನ್ನು ಕೇಳಿದರೆ ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗಿನ ಕಾಲ ಉತ್ತಮ.

ಬಾಡಿಗೆಯ ರಾಫ್ಟ್ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ದಪ್ಪ ರಬ್ಬರಿನಂಥ ಬಟ್ಟೆಯಿಂದ ಮಾಡಿದ ದೊಡ್ಡ ಅಂಡಾಕಾರದ ಕೊಳವೆ, ಅದರ ಸುತ್ತ ಹಿಡಿದುಕೊಳ್ಳಲು ಒಂದು ಹಗ್ಗ, ಒಳಗೆ ಅಡ್ಡಲಾಗಿ ಗಾಳಿ ತುಂಬಿದ ಒಂದೋ ಎರಡೋ ದಿಂಬು. ಒಂದು ಭಾಗದ ಗಾಳಿ ಹೋದರೂ ಉಳಿದದ್ದು ತೇಲುವಂತೆ ಕೊಳವೆಯನ್ನು ಬೇರೆ ಬೇರೆ ಕೋಣೆಗಳಾಗಿ ವಿಂಗಡಿಸಿರುತ್ತಾರೆ. ಕೊಳವೆಯ ಮೇಲೆ ಹಿಂದಿನ ಬೇಸಿಗೆಗಳ ತೇಪೆಗಳಿರುತ್ತವೆ. ತೇಪೆ ಇದ್ದರೆ ಹೆದರಬೇಕಿಲ್ಲ, ತೇಪೆಯ ಅಂಚು ಎದ್ದಿದ್ದರೆ ಬೇರೆ ರಾಫ್ಟ್ ಕೇಳಬೇಕು. ಅಂಗೈಯಿಂದ ಬಲವಾಗಿ ಒತ್ತಿದಾಗ ಕೊಳವೆ ಒಂದಿಷ್ಟೂ ತಗ್ಗಬಾರದು. ದಡದಲ್ಲಿ ಗಟ್ಟಿಯಾಗಿದ್ದ ರಾಫ್ಟ್ ತಣ್ಣೀರಿಗೆ ಇಳಿದ ಕೂಡಲೇ ಸ್ವಲ್ಪ ಮೆತ್ತಗಾಗುತ್ತದೆ, ಒಳಗಿನ ಗಾಳಿ ತಣಿದು ಕುಗ್ಗುವುದೇ ಕಾರಣ, ತೂತಾಗಿದೆ ಎಂದು ಗಾಬರಿಪಡಬೇಕಿಲ್ಲ. ಅದೇ ರಾಫ್ಟನ್ನು ಊಟಕ್ಕೆಂದು ಬಿಸಿಲಿನಲ್ಲಿ ದಡಕ್ಕೆ ಎಳೆದು ಗಂಟೆಗಟ್ಟಲೆ ಬಿಟ್ಟರೆ ಗಾಳಿ ಹಿಗ್ಗಿ ಹೊಲಿಗೆಗೆ ಒತ್ತಡ ಬೀಳುತ್ತದೆ. ಅರ್ಧ ಭಾಗ ನೀರಿನಲ್ಲೇ ಇರುವಂತೆ ನಿಲ್ಲಿಸಿದರೆ ಸಾಕು.

ದೊಡ್ಡ ಅಂಗಡಿಗಳಲ್ಲಿ ಬಾಡಿಗೆಗಿಂತ ಕಡಿಮೆ ಬೆಲೆಗೆ ಸಿಗುವ ತೆಳು ಪ್ಲಾಸ್ಟಿಕ್ಕಿನ ಗಾಳಿದೋಣಿಯನ್ನು ಕೊಂಡು ತಂದರೆ ಇನ್ನಷ್ಟು ಉಳಿಯುವುದಿಲ್ಲವೇ ಎಂದು ಕೇಳುವವರುಂಟು. ಬೇಸಿಗೆಯ ಯಾವುದೇ ಶನಿವಾರ ಅಂಥ ದೋಣಿಗಳು ಇಲ್ಲಿ ಸಾಲುಗಟ್ಟಿ ಹೋಗುತ್ತಿರುತ್ತವೆ. ಈಜುಕೊಳಕ್ಕೂ ನಿಂತ ಕೆರೆಗೂ ಅವು ಸರಿಯೇ. ಈ ನದಿಯ ತಳದಲ್ಲಿ, ದಡದಲ್ಲಿ, ನಡುಗಡ್ಡೆಗಳಲ್ಲಿ ಎಲ್ಲೆಲ್ಲೂ ಗುಂಡುಕಲ್ಲುಗಳಿವೆ. ನೀರಿಗೆ ಬಾಗಿದ ಗಿಡಗಳ ಒಣ ಕೊಂಬೆಗಳೂ ಇವೆ. ಒಂದೇ ಪದರದ ಪ್ಲಾಸ್ಟಿಕ್ ಹರಿದರೆ ನಡುನೀರಿನಲ್ಲಿ ಮಕ್ಕಳ ಜೊತೆ ಉಳಿಯುವುದು ಬರೀ ಲೈಫ್ ಜಾಕೆಟ್. ಇಲ್ಲಿ ಬಾಡಿಗೆ ಕೊಡುವುದೇ ಜಾಣತನ. ನಿಮ್ಮದೇ ಗಟ್ಟಿಮುಟ್ಟಾದ ರಾಫ್ಟ್ ಇದ್ದರೆ ಮಾತು ಬೇರೆ, ಆಗ ಪಾರ್ಕಿನ ಪ್ರವೇಶ ಶುಲ್ಕ ಬಿಟ್ಟರೆ ಇಡೀ ದಿನಕ್ಕೆ ಬೇರೆ ಖರ್ಚೇ ಇಲ್ಲ.

ನದಿಗೆ ಇಳಿಯುವುದು ಹಳೆಯ ಫೇರ್ ಓಕ್ಸ್ ಸೇತುವೆಯ ಹತ್ತಿರ. ಕಬ್ಬಿಣದ ತೊಲೆಗಳ ಆ ಸೇತುವೆಯ ಮೇಲೆ ಈಗ ಪಾದಚಾರಿಗಳು ಮತ್ತು ಸೈಕಲ್ಲಿನವರು ಮಾತ್ರ ಓಡಾಡುತ್ತಾರೆ. ಮೊದಲ ಕಾಲು ಗಂಟೆಯನ್ನು ಕಲಿಕೆಗೆಂದು ಮೀಸಲಿಡಬೇಕು. ಇಬ್ಬರು ದೊಡ್ಡವರು ಹಿಂಭಾಗದಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತು, ಒಬ್ಬರ ಮಾತಿಗೆ ಇನ್ನೊಬ್ಬರು ಹುಟ್ಟು ಹಾಕಬೇಕು. ಯಾರ ಮಾತು ನಡೆಯಬೇಕು ಎಂಬುದನ್ನು ದಡದಲ್ಲೇ ತೀರ್ಮಾನಿಸಿಕೊಂಡರೆ ದಾಂಪತ್ಯಕ್ಕೂ ಕ್ಷೇಮ. ರಾಫ್ಟ್ ದುಂಡಗಿರುವುದರಿಂದ ಒಂದೇ ಕಡೆ ಹುಟ್ಟು ಹಾಕಿದರೆ ನಮ್ಮ ಹರಿಗೋಲಿನಂತೆ ಸುತ್ತುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಮಕ್ಕಳಿಗೆ ಈ ಸುತ್ತಾಟವೇ ಇಷ್ಟ, ಆದ್ದರಿಂದ ಅಗಲವಾದ ನಿಧಾನ ನೀರಿನಲ್ಲಿ ಹಾಗೆ ಸುತ್ತಲು ಬಿಡಬಹುದು. ಸೇತುವೆಯ ಕಂಬಗಳು ಕಾಣಿಸಿದಾಗ ಮಾತ್ರ ಸಾಕಷ್ಟು ಮುಂಚೆಯೇ ರಾಫ್ಟನ್ನು ಎರಡು ಕಂಬಗಳ ನಡುವಿಗೆ ತಂದುಕೊಳ್ಳಬೇಕು.

ಬಲದಂಡೆಯಲ್ಲಿ ಫೇರ್ ಓಕ್ಸ್‌ನ ಎತ್ತರದ ಮಣ್ಣಿನ ಕಡಿದಾದ ದಡಗಳಿವೆ, ಅವುಗಳ ನೆತ್ತಿಯ ಮೇಲೆ ಮನೆಗಳಿವೆ. ಅಲ್ಲಿಂದ ಮುಂದೆ ಊರು ಮರೆಯಾಗುತ್ತದೆ. ಎರಡೂ ಬದಿಯ ಭೂಮಿ ಅಮೆರಿಕನ್ ರಿವರ್ ಪಾರ್ಕ್‌ವೇ ಎಂಬ ಸಾರ್ವಜನಿಕ ಉದ್ಯಾನಕ್ಕೆ ಸೇರಿದ್ದಾದ್ದರಿಂದ, ಮಹಾನಗರದ ನಡುವೆ ಹಾದು ಹೋಗುತ್ತಿದ್ದರೂ ಓಕ್ ಮರಗಳು, ಕಾಟನ್‌ವುಡ್ ಮರಗಳು, ನೀರಂಚಿನ ವಿಲ್ಲೋ ಪೊದೆಗಳು ಬಿಟ್ಟರೆ ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಈ ನದಿಭಾಗಕ್ಕೆ 1981ರಿಂದ ಕೇಂದ್ರ ಸರ್ಕಾರದ ಸಂರಕ್ಷಿತ ನದಿಗಳ ಪಟ್ಟಿಯಲ್ಲಿ ಸ್ಥಾನವಿದೆ. ದಡದುದ್ದಕ್ಕೂ ಕಾಣುವ ಗುಂಡುಕಲ್ಲಿನ ದಿಬ್ಬಗಳಲ್ಲಿ ಹಲವು ನದಿ ತಂದು ಹಾಕಿದವಲ್ಲ, ಚಿನ್ನಕ್ಕಾಗಿ ದೊಡ್ಡ ಯಂತ್ರಗಳು ಇಪ್ಪತ್ತನೇ ಶತಮಾನದಲ್ಲಿ ಈ ಬಯಲನ್ನು ಅಗೆದು ಜಾಲಾಡಿ ಬಿಟ್ಟುಹೋದವು. ಮಕ್ಕಳಿಗೆ ಇದನ್ನು ಹೇಳಿದರೆ ಊಟಕ್ಕೆ ನಿಂತಲ್ಲೆಲ್ಲ ಚಿನ್ನ ಹುಡುಕಲು ಕೂರುತ್ತಾರೆ, ಬೇಗ ಮುಗಿಸಬೇಕೆಂದಿದ್ದರೆ ಹೇಳದಿರುವುದು ಒಳಿತು. ನೀಲಿ ಬಕ, ಬೆಳ್ಳಕ್ಕಿ, ಮರದ ದಿಮ್ಮಿಯ ಮೇಲೆ ಬಿಸಿಲು ಕಾಯಿಸುವ ಆಮೆ, ಬಾತು, ಅದೃಷ್ಟವಿದ್ದರೆ ನೀರುನಾಯಿ ಮತ್ತು ನೀರು ಕುಡಿಯಲು ಬಂದ ಜಿಂಕೆ ಕಾಣಿಸುತ್ತವೆ.

ದಾರಿಯಲ್ಲಿ ಗಮನವಿಟ್ಟು ದಾಟಬೇಕಾದ ಒಂದೇ ಜಾಗವೆಂದರೆ ಸಾನ್ ವಾನ್ ರಾಪಿಡ್. ಇದು ಎರಡನೇ ದರ್ಜೆಯದು, ಆರು ದರ್ಜೆಗಳ ಅಂತರರಾಷ್ಟ್ರೀಯ ಮಾಪನದಲ್ಲಿ ಕೆಳಗಿನಿಂದ ಎರಡನೆಯದು. ಅಗಲವಾಗಿದ್ದ ನದಿ ಇಲ್ಲಿ ಇಕ್ಕಟ್ಟಾಗಿ, ಇಳಿಜಾರು ಹೆಚ್ಚಿ, ಸಾಲು ಅಲೆಗಳೇಳುತ್ತವೆ. ಸದ್ದು ಮೊದಲು ಕೇಳಿಸುತ್ತದೆ, ಅಲೆ ಆಮೇಲೆ ಕಾಣುತ್ತದೆ. ಸದ್ದು ಕೇಳಿದ ಕೂಡಲೇ ಎಲ್ಲರೂ ಕೊಳವೆಯ ಮೇಲಿಂದ ರಾಫ್ಟಿನ ತಳಕ್ಕೆ ಇಳಿದು ಕೂರಬೇಕು, ಮಕ್ಕಳು ಹಗ್ಗ ಹಿಡಿದುಕೊಳ್ಳಬೇಕು, ದೊಡ್ಡವರು ರಾಫ್ಟಿನ ಮೂತಿಯನ್ನು ಅಲೆಗೆ ನೇರವಾಗಿ ತಿರುಗಿಸಿ ಹುಟ್ಟು ಹಾಕುತ್ತಲೇ ಇರಬೇಕು. ಅಡ್ಡಡ್ಡಲಾಗಿ ಹೋದ ರಾಫ್ಟುಗಳೇ ಜನರನ್ನು ನೀರಿಗೆ ಚೆಲ್ಲುವುದು. ಅರ್ಧ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ, ಎಲ್ಲರ ಬಟ್ಟೆಯೂ ಒದ್ದೆಯಾಗಿರುತ್ತದೆ, ಮತ್ತೊಮ್ಮೆ ಹೋಗೋಣ ಎಂದು ಮಕ್ಕಳು ಹಟ ಹಿಡಿದಿರುತ್ತಾರೆ. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಮಾಡಿ ಬಂದವರಿಗೆ ಇದು ಲೆಕ್ಕಕ್ಕೇ ಬಾರದು. ಆದರೆ ಅಲ್ಲಿ ರಾಫ್ಟಿನ ಹಿಂದೆ ನಿಂತು ಫಾರ್ವರ್ಡ್, ಸ್ಟಾಪ್ ಎಂದು ಕೂಗುವವರು ಬೇರೆಯವರು, ಇಲ್ಲಿ ಕೂಗಬೇಕಾದವರು ನಾವೇ.

ಅಪಾಯದ ಮಾತು ಬಂದಾಗ ಎಲ್ಲರೂ ಈ ರಾಪಿಡ್ ಕಡೆಗೆ ಬೆರಳು ತೋರುತ್ತಾರೆ. ನನ್ನ ಎಣಿಕೆಯಲ್ಲಿ ಅದಕ್ಕಿಂತ ಕೆಟ್ಟದ್ದು ಎರಡಿವೆ. ಒಂದು, ನೀರಿನ ತಂಪು. ಫಾಲ್ಸಮ್ ಜಲಾಶಯದ ಆಳದಿಂದ ನೀರು ಬಿಡುವುದರಿಂದ, ಮತ್ತು ಸಾಲ್ಮನ್, ಸ್ಟೀಲ್‌ಹೆಡ್ ಮೀನುಗಳ ಉಳಿವಿಗಾಗಿ ನದಿಯನ್ನು ಬೇಕೆಂದೇ ತಣ್ಣಗೆ ಇಡುವುದರಿಂದ, ಹೊರಗೆ 38 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೂ ನೀರು 16ರಿಂದ 18 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಬಿಸಿಲಿನಲ್ಲಿ ಕಾದ ಮೈ ಏಕಾಏಕಿ ಅದರೊಳಗೆ ಬಿದ್ದರೆ ಉಸಿರು ತಾನಾಗಿ ಒಳಕ್ಕೆ ಎಳೆಯುತ್ತದೆ, ಆ ಹೊತ್ತಿಗೆ ಮುಖ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರು. ಚೆನ್ನಾಗಿ ಈಜು ಬಲ್ಲವರೂ ಇಂಥ ನದಿಗಳಲ್ಲಿ ಮುಳುಗುವುದಕ್ಕೆ ಇದೊಂದು ಕಾರಣ. ಇನ್ನೊಂದು, ಹೊರತಿರುವುಗಳಲ್ಲಿ ನೀರಿಗೆ ಉರುಳಿದ ಅಥವಾ ಬಾಗಿದ ಮರಗಳು. ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ರಾಫ್ಟೂ ಮನುಷ್ಯರೂ ಸಿಕ್ಕಿಕೊಳ್ಳುತ್ತಾರೆ, ಹಿಂದಿನಿಂದ ನೀರು ಒತ್ತುತ್ತಲೇ ಇರುತ್ತದೆ. ತಿರುವು ಬಂದಾಗಲೆಲ್ಲ ಸೆಳೆತ ರಾಫ್ಟನ್ನು ಹೊರದಡಕ್ಕೆ ತಳ್ಳುವುದು ಸಹಜವಾದ್ದರಿಂದ, ತಿರುವಿಗೆ ಮೊದಲೇ ಒಳದಡದ ಕಡೆ ಹುಟ್ಟು ಹಾಕುವ ಅಭ್ಯಾಸ ಮಾಡಿಕೊಂಡರೆ ಈ ನದಿಯ ಅರ್ಧ ವಿದ್ಯೆ ಬಂದ ಹಾಗೆ. ಯಾರಾದರೂ ನೀರಿಗೆ ಬಿದ್ದರೆ, ನೀರು ಮೊಣಕಾಲಿನಷ್ಟಕ್ಕೆ ಇಳಿಯುವವರೆಗೂ ಎದ್ದು ನಿಲ್ಲುವ ಪ್ರಯತ್ನ ಮಾಡಬಾರದು, ಕಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕೈಗಳಿಂದ ದಡದ ಕಡೆ ಸರಿಯಬೇಕು.

ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ 13 ವರ್ಷದೊಳಗಿನ ಮಕ್ಕಳು ಜಾಕೆಟ್ ತೊಟ್ಟೇ ಇರಬೇಕು, ದೊಡ್ಡವರಿಗೆ ರಾಫ್ಟಿನಲ್ಲಿ ತಲೆಗೊಂದು ಇದ್ದರೆ ಸಾಕು. ಈ ಎರಡನೆಯ ಸಡಿಲಿಕೆಯನ್ನು ನಮ್ಮ ಗುಂಪಿನಲ್ಲಿ ನಾವು ಒಪ್ಪುವುದಿಲ್ಲ. ಅಪ್ಪ ಅಮ್ಮ ಜಾಕೆಟ್ ಬಿಚ್ಚಿಟ್ಟು ದಿಂಬು ಮಾಡಿಕೊಂಡರೆ ಮಕ್ಕಳು ತೊಟ್ಟುಕೊಳ್ಳುವುದಿಲ್ಲ. ಬಾಡಿಗೆ ಅಂಗಡಿಯ ಸೇವೆಯಲ್ಲಿ ನನಗೆ ಅತೃಪ್ತಿ ತಂದ ಮೊದಲ ವಿಷಯವೂ ಇದೇ. ದೊಡ್ಡವರ ಅಳತೆಯ ಜಾಕೆಟ್‌ಗಳು ರಾಶಿ ರಾಶಿ ಇದ್ದವು, ಚಿಕ್ಕ ಮಕ್ಕಳ ಅಳತೆಯವು ಬೆಳಗ್ಗೆಯೇ ಖಾಲಿಯಾಗಿದ್ದವು, ಕೌಂಟರಿನಲ್ಲಿದ್ದ ಹುಡುಗ ಒಂದು ಅಳತೆ ದೊಡ್ಡದನ್ನೇ ಬಿಗಿಯಾಗಿ ಕಟ್ಟಿಕೊಡಲು ಹೊರಟ. ಜಾಕೆಟ್‌ನ ಹೆಗಲನ್ನು ಹಿಡಿದು ಮೇಲಕ್ಕೆ ಎತ್ತಿದಾಗ ಅದು ಮಗುವಿನ ಕಿವಿಯವರೆಗೆ ಬಂದರೆ, ನೀರಿನಲ್ಲಿ ಮಗು ಅದರೊಳಗಿಂದ ಜಾರಿಹೋಗುತ್ತದೆ. ಮಕ್ಕಳ ಜಾಕೆಟ್ಟನ್ನು ಮನೆಯಿಂದಲೇ ತರುವುದು ಒಳ್ಳೆಯದು. ಕೊಳ್ಳುವ ಮನಸ್ಸಿಲ್ಲದಿದ್ದರೆ ಸ್ಯಾಕ್ರಮೆಂಟೊ ಪ್ರದೇಶದ ಕೆಲವು ಅಗ್ನಿಶಾಮಕ ಠಾಣೆಗಳಲ್ಲಿ ಉಚಿತವಾಗಿ ಎರವಲು ಕೊಡುತ್ತಾರೆ.

ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದಕ್ಕೆ ನನ್ನ ಉತ್ತರ, ಅಂಗಡಿ ತೆರೆಯುವ ಹೊತ್ತಿಗೆ. ಜನಸಂದಣಿಯನ್ನು ತಪ್ಪಿಸಿಕೊಳ್ಳುವುದು ಒಂದು ಕಾರಣವಾದರೆ ಗಾಳಿ ಇನ್ನೊಂದು. ಸ್ಯಾಕ್ರಮೆಂಟೊದ ಬೇಸಿಗೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಕಡೆಯಿಂದ, ನೈಋತ್ಯ ದಿಕ್ಕಿನಿಂದ, ಡೆಲ್ಟಾ ಬ್ರೀಜ್ ಎಂದು ಊರವರು ಕರೆಯುವ ತಂಗಾಳಿ ಬೀಸುತ್ತದೆ. ಊರಿಗೆಲ್ಲ ಅದು ವರ. ನಾವು ಸಾಗುವುದು ಅದೇ ದಿಕ್ಕಿಗೆ ಆದ್ದರಿಂದ ಅದು ಎದುರುಗಾಳಿ, ಮತ್ತು ಗಾಳಿ ತುಂಬಿದ ರಾಫ್ಟಿಗೆ ನೀರಿನ ಸೆಳೆತಕ್ಕಿಂತ ಗಾಳಿಯ ತಳ್ಳುವಿಕೆಯೇ ಹೆಚ್ಚು ತಾಗುತ್ತದೆ. ಬೆಳಗ್ಗೆ ಎರಡೂವರೆ ತಾಸಿನಲ್ಲಿ ಮುಗಿಯುವ ದಾರಿ ಸಂಜೆಯ ಹೊತ್ತು ನಾಲ್ಕು ತಾಸಿನವರೆಗೂ ಎಳೆಯುತ್ತದೆ, ಅದೂ ತೋಳು ಸೋತು ಮಕ್ಕಳು ಸಿಡುಕುವ ಹೊತ್ತಿನಲ್ಲಿ. ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ರಜೆಗಳಲ್ಲಿ ಕೌಂಟಿಯವರು ನದಿಯ ಈ ಭಾಗದಲ್ಲಿ ಮದ್ಯ ನಿಷೇಧಿಸುತ್ತಾರೆ. ಬೇರೆ ವಾರಾಂತ್ಯಗಳಲ್ಲಿ ಹಾಡು ಹಾಕಿಕೊಂಡು, ಹತ್ತಾರು ರಾಫ್ಟುಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಬರುವ ಯುವಕರ ಗುಂಪುಗಳು ಮಧ್ಯಾಹ್ನದ ಹೊತ್ತಿಗೆ ತುಂಬಿಕೊಳ್ಳುತ್ತವೆ. ಹಾಗೆ ಕಟ್ಟಿಕೊಳ್ಳುವುದನ್ನು ನೋಡಿ ನಮ್ಮ ಮಕ್ಕಳೂ ಕೇಳುತ್ತಾರೆ, ಒಪ್ಪಬಾರದು. ಒಟ್ಟಿಗೆ ಕಟ್ಟಿದ ಎರಡು ರಾಫ್ಟುಗಳು ಸೇತುವೆಯ ಕಂಬದ ಎರಡೂ ಬದಿಗೆ ಹೋದರೆ ಹಗ್ಗ ಕಂಬಕ್ಕೆ ಸಿಕ್ಕಿ ಎರಡೂ ಮಗುಚಿಕೊಳ್ಳುತ್ತವೆ. ಸಾಧ್ಯವಾದರೆ ರಜೆ ಹಾಕಿ ವಾರದ ನಡುವೆ ಹೋಗುವುದು ಮೇಲು.

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಅವರನ್ನು ಮನೆಯಲ್ಲಿ ಬಿಟ್ಟು ಹೋಗುವುದು ಹೇಗೆ ಎಂಬುದು ಅನೇಕರ ಪ್ರಶ್ನೆ. ನದಿಯ ಮೇಲೆ ಅವರಿಗೆ ಕಷ್ಟವಿಲ್ಲ, ನೆರಳಿಗೆ ಒಂದು ಟೋಪಿ ಮತ್ತು ಒರಗಲು ಒಂದು ದಿಂಬು ಇದ್ದರೆ ನಮಗಿಂತ ಹೆಚ್ಚು ಆನಂದಿಸುತ್ತಾರೆ. ಕಷ್ಟವಿರುವುದು ಹತ್ತುವಾಗ ಮತ್ತು ಇಳಿಯುವಾಗ. ಮೊಣಕಾಲುದ್ದ ನೀರಿನಲ್ಲಿ, ಪಾಚಿ ಕಟ್ಟಿದ ಗುಂಡುಕಲ್ಲುಗಳ ಮೇಲೆ ಹೆಜ್ಜೆ ಇಟ್ಟು, ಅಲ್ಲಾಡುವ ಕೊಳವೆಯ ಮೇಲೆ ಕೂತು, ಕಾಲೆತ್ತಿ ಒಳಗೆ ಹಾಕಿಕೊಳ್ಳಬೇಕು. ಮಂಡಿನೋವಿರುವವರಿಗೆ ಇದು ಸುಲಭವಲ್ಲ, ನೆಲಮಟ್ಟದಲ್ಲಿ ಕಾಲು ಚಾಚಿ ಗಂಟೆಗಟ್ಟಲೆ ಕೂರುವುದೂ ಸುಲಭವಲ್ಲ. ಅಂಥವರಿದ್ದರೆ ದಾರಿಯಲ್ಲಿ ಬಲದಂಡೆಗೆ ಸಿಗುವ ಆನ್ಸಿಲ್ ಹಾಫ್‌ಮನ್ ಪಾರ್ಕಿನಲ್ಲಿ ಅವರನ್ನು ಮೊದಲೇ ಕಾರಿನಲ್ಲಿ ಬಿಡುವುದು ನಾವು ಕಂಡುಕೊಂಡ ಉಪಾಯ. ಅಲ್ಲಿ ಎಫಿ ಯೇ ನಿಸರ್ಗ ಕೇಂದ್ರವಿದೆ, ದೊಡ್ಡ ಓಕ್ ಮರಗಳ ನೆರಳಿದೆ, ಶೌಚಾಲಯವಿದೆ, ನದಿಯ ದಡಕ್ಕೆ ನಡೆದು ಬರುವ ದಾರಿಯಿದೆ. ಊಟದ ಬುತ್ತಿ ಅವರ ಹತ್ತಿರವೇ ಇದ್ದರೆ ರಾಫ್ಟಿನ ಭಾರವೂ ಕಡಿಮೆ. ಬುತ್ತಿಗೆ ಈ ಬಿಸಿಲಿನಲ್ಲಿ ಪುಳಿಯೋಗರೆಯನ್ನು ಮೀರಿಸಿದ್ದು ಇಲ್ಲ. ಮೊಸರನ್ನಕ್ಕೆ ಐಸ್ ಪೆಟ್ಟಿಗೆ ಬೇಕು. ಗಾಜಿನ ಬಾಟಲಿಗೆ ಪಾರ್ಕ್‌ವೇಯಲ್ಲಿ ನಿಷೇಧವಿರುವುದರಿಂದ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಬೇಕು. ಕಾಲಿಗೆ ಹಿಮ್ಮಡಿ ಪಟ್ಟಿಯಿರುವ ಸ್ಯಾಂಡಲ್ ಬೇಕು, ಹವಾಯಿ ಚಪ್ಪಲಿಯನ್ನು ನದಿ ಮೊದಲ ಹತ್ತು ನಿಮಿಷದಲ್ಲೇ ಕಸಿದುಕೊಳ್ಳುತ್ತದೆ.

ಎರಡನೆಯ ಅತೃಪ್ತಿ ಹಿಂತಿರುಗುವ ವ್ಯವಸ್ಥೆಯದು. ರಿವರ್ ಬೆಂಡ್ ಪಾರ್ಕು ಎಡದಂಡೆಯಲ್ಲಿದೆ. ಅಲ್ಲಿ ರಾಫ್ಟನ್ನು ದಡಕ್ಕೆಳೆದು, ಅಂಗಡಿಯವರಿಗೆ ಒಪ್ಪಿಸಿ, ಬಸ್ಸಿಗೆ ಕಾಯಬೇಕು. ಶನಿವಾರ ಮಧ್ಯಾಹ್ನ ಆ ಸಾಲು ಹೆಚ್ಚಿನ ನೆರಳಿಲ್ಲದ ಜಾಗದಲ್ಲಿ ಹನುಮಂತನ ಬಾಲವಾಗಿರುತ್ತದೆ. ನಾವು ನಿಂತಿದ್ದ ದಿನ ಬಸ್ಸು ಯಾವಾಗ ಬರುತ್ತದೆಂದು ಹೇಳುವವರೂ ಇರಲಿಲ್ಲ, ಒದ್ದೆ ಬಟ್ಟೆಯಲ್ಲಿದ್ದ ಮಕ್ಕಳು ತೇಲಿದ ಸಂತೋಷವನ್ನೆಲ್ಲ ಅಲ್ಲೇ ಮರೆತರು. ದುಡ್ಡು ಕೊಟ್ಟು ಪಡೆಯುವ ಸೇವೆಯಲ್ಲಿ ಇದು ಒಪ್ಪತಕ್ಕದ್ದಲ್ಲ. ಎರಡು ಕಾರುಗಳಿರುವ ಗುಂಪಾದರೆ ಬೆಳಗ್ಗೆಯೇ ಒಂದನ್ನು ರಿವರ್ ಬೆಂಡ್‌ನಲ್ಲಿ ನಿಲ್ಲಿಸಿ ಬರುವುದು ಸರಳ ಮಾರ್ಗ, ಎರಡು ಪ್ರವೇಶ ಶುಲ್ಕ ಕೊಟ್ಟರೂ ಬಸ್ಸಿನ ಟಿಕೆಟ್ಟುಗಳಿಗಿಂತ ಅಗ್ಗ. ಒಂದೇ ಕಾರಿದ್ದರೆ ಸೈಕಲ್. ನದಿಯ ಪಕ್ಕದಲ್ಲೇ ಡಿಸ್ಕವರಿ ಪಾರ್ಕಿನಿಂದ ಫಾಲ್ಸಮ್ ಕೆರೆಯ ದಡದವರೆಗೆ 32 ಮೈಲಿ ಉದ್ದದ ಜೆಡಿಡಾಯಾ ಸ್ಮಿತ್ ಸೈಕಲ್ ದಾರಿ ಹಾದುಹೋಗುತ್ತದೆ, ಕಾರುಗಳ ಕಾಟವಿಲ್ಲ. ಬೆಳಗ್ಗೆ ರಿವರ್ ಬೆಂಡ್‌ನಲ್ಲಿ ಒಂದು ಸೈಕಲ್ಲಿಗೆ ಬೀಗ ಹಾಕಿಟ್ಟರೆ, ಇಳಿದ ಮೇಲೆ ಮನೆಯವರೆಲ್ಲ ಮರದಡಿಯಲ್ಲಿ ಊಟ ಮಾಡುತ್ತಿರುವಾಗ ಒಬ್ಬರು ಸುಮಾರು ಆರು ಮೈಲಿ ತುಳಿದು ಹೋಗಿ ಕಾರು ತರಬಹುದು. ಕಾರಿನ ಕೀಲಿ, ಸೈಕಲ್ಲಿನ ಬೀಗದ ಕೀಲಿ ಎರಡೂ ನೀರು ಹೋಗದ ಚೀಲದಲ್ಲಿ ಅದೇ ವ್ಯಕ್ತಿಯ ಜಾಕೆಟ್ಟಿಗೆ ಕಟ್ಟಿರಬೇಕು, ಊಟದ ಚೀಲದಲ್ಲಲ್ಲ.

ರಾಫ್ಟ್ ಕಾದಿರಿಸುವ ಮುನ್ನ ಅಂಗಡಿಯವರನ್ನು ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ನೀರು ಹೆಚ್ಚಿ ನೀವೇ ರದ್ದು ಮಾಡಿದರೆ ಹಣ ಪೂರ್ತಿ ವಾಪಸ್ಸು ಬರುತ್ತದೆಯೇ? ನೀರು ನೋಡಿ ನಾವು ರದ್ದು ಮಾಡಿದರೆ ಬೇರೆ ದಿನಕ್ಕೆ ಬದಲಾಯಿಸಿ ಕೊಡುತ್ತೀರಾ? ನಿಮ್ಮಲ್ಲಿ ಒಪ್ಪುವ ಅತಿ ಚಿಕ್ಕ ಮಗುವಿನ ವಯಸ್ಸೆಷ್ಟು, ಅದರ ಅಳತೆಯ ಜಾಕೆಟ್ ತೆಗೆದಿಡುತ್ತೀರಾ? ಎರಡನೆಯದಕ್ಕೆ ಹೌದು ಎನ್ನುವ ಅಂಗಡಿ ಕೆಲವು ಡಾಲರು ದುಬಾರಿಯಾದರೂ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಕಟ್ಟಿದ ಹಣ ಹೋಗುತ್ತದೆಂಬ ಸಂಕಟವಿಲ್ಲದಿದ್ದರೆ, ಹಿಂದಿನ ರಾತ್ರಿ ಫೇರ್ ಓಕ್ಸ್ ಮಾಪನದಲ್ಲಿ ಅಂಕಿ 6,000 ತೋರಿಸಿದಾಗ ಬೇಡವೆನ್ನುವುದು ಸುಲಭ.